ಹುಲಿಕುಂಟೆಯ ಬಾವಿ ನನಗೆ ನೆನಪಾದದ್ದು

ಇಂಥದ್ದನ್ನೆಲ್ಲ ನಂಬುವವಳಲ್ಲ ನಾನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಇಲ್ಲವಾದರೆ ಮುದುಕಿಗೆ ಅರಳುಮರಳು ಎಂದು ನೀವು ಪುಟ ತಿರುವಿಬಿಟ್ಟೀರಿ. ನನ್ನ ತೌರು ಮಧುಗಿರಿ. ನಮ್ಮಪ್ಪ ಅಲ್ಲಿ ಮೇಷ್ಟರಾಗಿದ್ದರು. ಹುಣಸೆಮರದ ದೆವ್ವ, ಮೈಮೇಲೆ ಬರುವ ದೇವರು, ಹಲ್ಲಿಯ ಶಕುನ, ಯಾವುದನ್ನೂ ಅವರು ಹೊಸಿಲು ದಾಟಿ ಒಳಗೆ ಬಿಟ್ಟುಕೊಂಡವರಲ್ಲ. ಯಾರಾದರೂ ಬಂದು ದೆವ್ವ ನೋಡಿದೆ ಎಂದರೆ, "ಅದೂ ನಿನ್ನ ನೋಡಿ ಎಷ್ಟು ಹೆದರ್ಕೊಂಡಿತೋ ಪಾಪ" ಎನ್ನುತ್ತಿದ್ದರು. ಅವರ ಮಗಳಾಗಿ ನಾನೂ ಹಾಗೆಯೇ ಬೆಳೆದೆ. ಕೊರಳಲ್ಲಿ ಲಿಂಗವಿತ್ತು. ದಿನವೂ ಸ್ನಾನ ಮಾಡಿ ಅದನ್ನು ಎಡ ಅಂಗೈಯಲ್ಲಿಟ್ಟುಕೊಂಡು ಪೂಜೆ ಮಾಡುತ್ತಿದ್ದೆ. ಆದರೆ ಹಲ್ಲುಜ್ಜಿದ ಹಾಗೆ ಅದೂ ಬೆಳಗಿನ ಕೆಲಸಗಳಲ್ಲಿ ಒಂದಾಗಿತ್ತು. ಸಾರಿಗೆ ಏನು ಹಾಕಬೇಕೆಂದು ಯೋಚಿಸುತ್ತಲೇ ಪೂಜೆ ಮುಗಿಸಿದ ದಿನಗಳು ಎಷ್ಟೋ.

ದೆವ್ವಭೂತಗಳನ್ನು ಈಗಲೂ ನಂಬುವುದಿಲ್ಲ. ಆದರೆ ಎರಡನೇ ಮಹಾಯುದ್ಧ ಮುಗಿಯುತ್ತಾ ಬಂದಿದ್ದ ವರ್ಷ, ಬೆಂಗಳೂರಿನ ಒಂದು ಆಸ್ಪತ್ರೆಯ ಜಗುಲಿಯಲ್ಲಿ, ಹಾಡಹಗಲಿನಲ್ಲಿ ನನಗೊಂದು ಅನುಭವವಾಯಿತು. ಅದಕ್ಕೆ ಏನು ಹೆಸರಿಡಬೇಕೋ ನನಗೆ ಇವತ್ತಿಗೂ ತಿಳಿದಿಲ್ಲ. ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ನನ್ನನ್ನು ಕೊಟ್ಟದ್ದು ಸಿರಾಕ್ಕೆ. ನಮ್ಮ ಯಜಮಾನರದು ಕಂಬಳಿ ವ್ಯಾಪಾರ. ಹುಲಿಕುಂಟೆಯಲ್ಲಿ ಕುರಿ ಸಾಕಿ ಕಂಬಳಿ ನೇಯುವವರ ಮನೆಮನೆಗೆ ಹೋಗಿ ಕೊಂಡು ತಂದು ಪೇಟೆಯ ಅಂಗಡಿಯಲ್ಲಿ ಮಾರುತ್ತಿದ್ದರು. ಎತ್ತರದ ಆಳು, ಮೆತ್ತನೆಯ ಮಾತು, ತಲೆಗೆ ಸದಾ ಬಿಗಿಯಾದ ರುಮಾಲು. ಇಂಥವರನ್ನು ಕಟ್ಟಿಕೊಂಡದ್ದು ನನ್ನ ಪುಣ್ಯ ಎಂದುಕೊಂಡಿದ್ದೆ. ಮದುವೆಯಾಗಿ ಸ್ವಲ್ಪ ಕಾಲದ ಮೇಲೆ ಅವರಿಗೆ ‘ಏರು’ ಬಂತು. ಅದು ನಮ್ಮತ್ತೆ ಇಟ್ಟ ಹೆಸರು. ಹುಡುಗನಾಗಿದ್ದಾಗಲೇ ಒಮ್ಮೆ ಬಂದಿತ್ತಂತೆ, ನಮಗೆ ಹೇಳಿರಲಿಲ್ಲ ಅಷ್ಟೆ.

ಏರು ಬಂದರೆ ಅವರಿಗೆ ನಿದ್ದೆ ಬೇಡ, ಊಟ ಬೇಡ. ಪೇಟೆಯಲ್ಲಿ ನಿಂತು ಸಾಬರ ಹತ್ತಿರ ಉರ್ದುವಿನಲ್ಲಿ, ಪಾವಗಡದ ಕಡೆಯವರ ಹತ್ತಿರ ತೆಲುಗಿನಲ್ಲಿ ಒಂದೇ ಸಮನೆ ಮಾತು. ಒಂದು ಸಲ ಎರಡು ಗಾಡಿ ಕಂಬಳಿ ಹೇರಿಸಿಕೊಂಡು ಮಧುಗಿರಿಗೆ ಹೊರಟುಬಿಟ್ಟರು. ಬೆಟ್ಟಕ್ಕೆ ಚಳಿಯಾಗುತ್ತದಂತೆ, ಹೊದಿಸಬೇಕಂತೆ! ಆ ಬೆಟ್ಟವನ್ನು ನೋಡಿದವರಿಗೆ ಗೊತ್ತು, ಆಕಾಶದವರೆಗೆ ಒಂದೇ ಬಂಡೆ. ನನ್ನ ತೌರಿನ ಬೀದಿಯಲ್ಲಿ ಜನ ನಗುತ್ತಾ ಗಾಡಿಯ ಹಿಂದೆ ನಡೆದರು. ನಮ್ಮಪ್ಪ ಮಾತ್ರ ನಗಲಿಲ್ಲ. ಅಳಿಯನ ಕೈ ಹಿಡಿದು, "ಮೊದ್ಲು ಅಳತೆ ತಗೊಳ್ಳೋಣ, ಆಮೇಲೆ ಹೊದಿಸೋಣ, ಬನ್ನಿ" ಎಂದು ಮನೆಗೆ ಕರೆದುಕೊಂಡು ಹೋದರು. ನಾಚಿಕೆಯಿಂದ ನನಗೆ ಭೂಮಿಗೆ ಇಳಿದುಹೋದಂತಾಗಿತ್ತು. ಬೆಟ್ಟಕ್ಕೂ ಚಳಿಯಾದೀತು ಎಂದು ಮರುಗಿದವರು ನಮ್ಮವರೊಬ್ಬರೇ ಎಂದು ಈಗ ಅನಿಸುತ್ತದೆ. ಆಗ ಹಾಗೆ ಅನಿಸಲಿಲ್ಲ.

ಏರು ಇಳಿದ ಮೇಲೆ ಬರುತ್ತಿದ್ದದ್ದು ಇನ್ನೊಂದು. ನಾನು ಹೇಳುತ್ತಿರುವ ವರ್ಷ ಅದು ಶಿವರಾತ್ರಿಯ ಸುಮಾರಿಗೆ ಶುರುವಾಯಿತು. ಯುಗಾದಿಯವರೆಗೆ ಹೇಗೋ ಕಾಲೆಳೆದುಕೊಂಡು ಹುಲಿಕುಂಟೆಗೆ ಹೋಗಿ ಬರುತ್ತಿದ್ದರು. ಆಮೇಲೆ ಒಂದು ದಿನ ಗೋಡೆಯ ಕಡೆ ಮುಖ ಮಾಡಿ ಮಲಗಿದವರು ಏಳಲಿಲ್ಲ. ಕರೆದರೆ ಓಗೊಡರು. ತುತ್ತು ಬಾಯಿಗಿಟ್ಟರೆ ಅಲ್ಲೇ ಉಳಿಯುತ್ತಿತ್ತು. ಗಂಜಿಯನ್ನು ಒಳಲೆಯಲ್ಲಿ ಹುಯ್ಯಬೇಕು, ಮಗುವಿಗೆ ಹುಯ್ದ ಹಾಗೆ. ಅಷ್ಟು ದೊಡ್ಡ ಮೈ ಕರಗುತ್ತಾ ಬಂತು. ಪಾವಗಡದ ಕಡೆಯಿಂದ ಒಬ್ಬ ಮಂತ್ರದವನನ್ನು ಅತ್ತೆ ಕರೆಸಿದರು. ಅವನು "ಗಾಲಿ ಸೋಕಿಂದಮ್ಮಾ" ಎಂದು ತೆಲುಗಿನಲ್ಲಿ ಗಾಳಿಯ ಮೇಲೆ ತಪ್ಪು ಹೊರಿಸಿ, ನಿಂಬೆಹಣ್ಣು ಕುಯ್ದು ಹೋದ. ನಮ್ಮೂರಿನ ಡಾಕ್ಟರು ಬಂದು ನೋಡಿ, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ಈಗ ತಲೆಗೆ ಕರೆಂಟು ಕೊಡುವ ಹೊಸ ಚಿಕಿತ್ಸೆ ಬಂದಿದೆ, ಅಲ್ಲಿಗೆ ಕರೆದೊಯ್ಯದಿದ್ದರೆ ಇವರು ಮಳೆಗಾಲ ಕಾಣುವುದು ಕಷ್ಟ ಎಂದು ಕಡ್ಡಿ ಮುರಿದ ಹಾಗೆ ಹೇಳಿದರು.

ಸಿರಾದಲ್ಲಿ ಆಗ ನಮ್ಮ ಮನೆಗಳಿಗೆ ಕರೆಂಟು ಬಂದಿರಲಿಲ್ಲ. ಅತ್ತೆಗೆ ಅದು ಸಿಡಿಲೇ.

"ತಲೆಗೆ ಸಿಡ್ಲು ಹೊಡೆಸ್ತಾರಂತಾ? ನನ್ ಮಗ ಏನ್ ತೆಂಗಿನ್ ಮರವೇನಮ್ಮ?" ಎಂದು ಕೂಗಾಡಿದರು.

"ಹಿಂಗೇ ಬಿಟ್ರೆ ಉಳಿಯಲ್ಲ ಅತ್ತೆ" ಎಂದೆ. ಬೇರೆ ಮಾತೇ ಇರಲಿಲ್ಲ.

ಅತ್ತೆ ಕಡೆಗೆ, "ಅಂಗಾರೆ ನಡಿ, ನಾನೂ ಬತ್ತೀನಿ. ಏನಾರ ಮಾಡ್ಕಳ್ಳಿ. ಲಿಂಗ ಒಂದ ಮೈಮ್ಯಾಗಳಿಂದ ತೆಗಿಯಾಕೆ ಬುಡಬ್ಯಾಡ" ಎಂದರು.

ನಮ್ಮ ಪೈಕಿಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಹುಟ್ಟಿದಾಗ ಗುರು ಕಟ್ಟಿದ ಲಿಂಗ ಮಣ್ಣಿಗೆ ಹೋಗುವವರೆಗೆ ಮೈಮೇಲೇ ಇರಬೇಕು. ಅದು ಮೈಬಿಟ್ಟರೆ ಆ ಮನುಷ್ಯ ಇಲ್ಲವಾದ ಹಾಗೆ. ಒಬ್ಬರ ಲಿಂಗವನ್ನು ಇನ್ನೊಬ್ಬರು ಮುಟ್ಟುವಂತಿಲ್ಲ, ಅಂಗೈಯಲ್ಲಿಟ್ಟು ನೋಡುವುದಂತೂ ಇಲ್ಲವೇ ಇಲ್ಲ. ಅತ್ತೆ ಇದನ್ನು ಉಸಿರಾಡಿದಷ್ಟೇ ಸಹಜವಾಗಿ ನಂಬಿದ್ದರು.

ಪೆಟ್ರೋಲು ಸಿಗದ ಯುದ್ಧಕಾಲದಲ್ಲಿ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ತುಮಕೂರಿಗೆ, ಅಲ್ಲಿಂದ ರೈಲಿನಲ್ಲಿ ಬೆಂಗಳೂರಿಗೆ. ಅವರನ್ನು ನಡುವೆ ಕೂರಿಸಿಕೊಂಡು ಅತ್ತೆಸೊಸೆ ಇಬ್ಬರೂ ಆತುಕೊಂಡೇ ಹೋದೆವು. ಆಸ್ಪತ್ರೆಯ ಡಾಕ್ಟರು ವಯಸ್ಸಾದವರು, ಸಮಾಧಾನದ ಮನುಷ್ಯ. ಬೆಟ್ಟಕ್ಕೆ ಕಂಬಳಿ ಹೊದಿಸಲು ಹೊರಟದ್ದನ್ನೂ ಗೋಡೆಯ ಕಡೆ ತಿರುಗಿ ಮಲಗಿದ್ದನ್ನೂ ಪೂರ್ತಿ ಕೇಳಿಸಿಕೊಂಡರು.

"ಇದು ಎರಡು ಕಾಯಿಲೆ ಅಲ್ಲಮ್ಮ, ಒಂದೇ. ಮೇಲಕ್ಕೆ ಹತ್ತಿಸೋದೂ ಅದೇ, ಕೆಳಕ್ಕೆ ತಳ್ಳೋದೂ ಅದೇ" ಎಂದರು.

ನಾನು ಅಲ್ಲಿಯವರೆಗೆ ನನಗೆ ಇಬ್ಬರು ಗಂಡಂದಿರು ಎಂಬಂತೆ ಬಾಳಿದ್ದೆ. ಒಬ್ಬರು ಬಂದಾಗ ಇನ್ನೊಬ್ಬರಿಗಾಗಿ ಕಾಯುವುದು, ಇದೇ ಆಗಿತ್ತು. ಇಬ್ಬರೂ ಒಬ್ಬರೇ ಎಂದು ಆ ದಿನ ಆ ಮನುಷ್ಯ ಹೇಳಿದಾಗ ನನ್ನೆದೆ ಹಗುರಾಯಿತು. ಡಾಕ್ಟರು ಏನನ್ನೂ ಮುಚ್ಚಿಡಲಿಲ್ಲ. ಕರೆಂಟು ಕೊಟ್ಟಾಗ ಫಿಟ್ಸ್ ಬಂದ ಹಾಗೆ ಮೈ ಅದುರುತ್ತದೆ, ಆಮೇಲೆ ನಿದ್ದೆ, ಎದ್ದಾಗ ಸ್ವಲ್ಪ ಹೊತ್ತು ತಾನ್ಯಾರೆಂಬುದು ತಿಳಿಯುವುದಿಲ್ಲ ಎಂದರು. "ಹಿಂದಿನ ಕೆಲವು ತಿಂಗಳ ನೆನಪು ಹೋದರೂ ಹೋಗಬಹುದು. ಎಲ್ಲಿಗೆ ಹೋಗುತ್ತೆ ಅಂತ ಮಾತ್ರ ಕೇಳಬೇಡಿ, ಅದು ನಮಗೂ ಗೊತ್ತಿಲ್ಲ" ಎಂದು ನಕ್ಕರು.

ಮಾರನೆಯ ಬೆಳಿಗ್ಗೆ ಅವರನ್ನು ಒಂದು ಕೋಣೆಯಲ್ಲಿ ಮಂಚದ ಮೇಲೆ ಮಲಗಿಸಿದರು. ಪಕ್ಕದ ಮೇಜಿನ ಮೇಲೆ ಒಂದು ಪೆಟ್ಟಿಗೆ, ಅದರಿಂದ ಹೊರಟ ಎರಡು ತಂತಿ. ಆಳು ಬಂದು ಉಪ್ಪುನೀರಿನ ಹತ್ತಿಯಿಂದ ಅವರ ಹಣೆ ಒರೆಸಿದ. ಅತ್ತೆ ಬೆಳಿಗ್ಗೆ ಹಚ್ಚಿದ್ದ ವಿಭೂತಿ ಕರಗಿ ಕಿವಿಯ ಪಕ್ಕ ಇಳಿಯಿತು. ಅದಕ್ಕೇ ಅತ್ತೆಯ ಮುಖ ಸಣ್ಣದಾಯಿತು. ಆಮೇಲೆ ಅವನು ಕೊರಳಿನ ದಾರಕ್ಕೆ ಕೈ ಹಾಕಿದ. ನಮ್ಮವರ ಲಿಂಗ ಬೆಳ್ಳಿಯ ಕರಡಿಗೆಯಲ್ಲಿತ್ತು. ಎಷ್ಟೋ ವಾರಗಳಿಂದ ಬೆರಳು ಆಡಿಸದಿದ್ದ ಮನುಷ್ಯ ತಟಕ್ಕನೆ ಆ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡುಬಿಟ್ಟರು.

ಡಾಕ್ಟರು ಮೆಲ್ಲಗೆ ತಿಳಿಸಿ ಹೇಳಿದರು. ಮೈಮೇಲೆ ಲೋಹ ಇರಕೂಡದು. ಕೊರಳಲ್ಲಿ ದಾರವೂ ಇರಕೂಡದು, ಮೈ ಅದುರುವಾಗ ಬಿಗಿದುಕೊಂಡರೆ ಅಪಾಯ. ಅತ್ತೆ ಕೇಳಿಸಿಕೊಂಡು ನೆಲಕ್ಕೆ ಕುಸಿದು ಕೂತರು.

"ಅಂಗಾದ್ರೆ ಬ್ಯಾಡವೇ ಬ್ಯಾಡ. ಎಬ್ಬಿಸ್ಕಳಮ್ಮ, ಊರಿಗೋಗನ."

ಊರಿಗೆ ಹೋಗುವುದೆಂದರೇನು ಎಂದು ನನಗೆ ಗೊತ್ತಿತ್ತು. ಆ ಒಳಲೆ, ಆ ಗೋಡೆ, ಆಮೇಲೆ ಒಂದು ಗುಂಡಿ. ನಾನು ಅತ್ತೆಯ ಮುಂದೆ ಕೂತು, "ಲಿಂಗ ನಾನು ಹಿಡ್ಕೊಂಡಿರ್ತೀನಿ. ಅವರು ಏಳೋ ತನಕ ಕೆಳಗಿಡಲ್ಲ" ಎಂದೆ.

"ಇನ್ನೊಬ್ರು ಮುಟ್ಟಂಗಿಲ್ಲ ಕಣೆ."

"ನಾನು ಇನ್ನೊಬ್ಬಳಾ ಅತ್ತೆ?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು. ನಾನು ನಮ್ಮವರ ಕಿವಿಯ ಹತ್ತಿರ ಬಗ್ಗಿ, "ನನ್ನ ಕೈಯಾಗಿರ್ತದೆ, ಕೊಡ್ರಿ" ಎಂದೆ. ಕೇಳಿಸಿತೋ ಇಲ್ಲವೋ, ಮುಷ್ಟಿ ತಾನಾಗಿ ಸಡಿಲವಾಯಿತು.

ನಾವಿಬ್ಬರೂ ಜಗುಲಿಗೆ ಬಂದು ಕೂತೆವು. ಬಾಗಿಲು ಮುಚ್ಚಿಕೊಂಡಿತು. "ಕರಡಿಗೇಲೇ ಇದ್ರೆ ಯಾರ ಮೈಮ್ಯಾಗೂ ಇಲ್ದಂಗೆ ಆಯ್ತದೆ. ತೆಗೆದು ಅಂಗೈಯಾಗಿಟ್ಕ" ಎಂದರು ಅತ್ತೆ. ಹಾಗೇ ಮಾಡಿದೆ. ಸುಮ್ಮನೆ ಹಿಡಿದುಕೊಂಡು ಎತ್ತಲೋ ನೋಡುತ್ತಾ ಕೂರಬೇಕೆಂದಿದ್ದೆ. ಆದರೆ ಚಿಕ್ಕಂದಿನಿಂದ ಆದ ರೂಢಿ ನೋಡಿ, ಎಡ ಅಂಗೈಗೆ ಲಿಂಗ ಬಂದರೆ ಕೈ ತಾನಾಗಿ ಎದೆಯ ಮಟ್ಟಕ್ಕೆ ಏರುತ್ತದೆ, ಕಣ್ಣು ತಾನಾಗಿ ಅದರ ಮೇಲೆ ನಿಲ್ಲುತ್ತದೆ. ನೋಡಬಾರದು ಎಂಬುದು ನೋಡುತ್ತಿರುವಾಗ ನೆನಪಾಯಿತು. ಒಳಗೆ ಯಾರೋ, "ಹಿಡ್ಕೊಳ್ಳಿ, ಭುಜ ಹಿಡ್ಕೊಳ್ಳಿ" ಎಂದರು.

ಆಗ ನನಗೊಂದು ವಿಷಯ ನೆನಪಾಯಿತು.

ನೆನಪಾಯಿತು ಎಂದೇ ಬರೆಯುತ್ತಿದ್ದೇನೆ. ಕಂಡಿತು ಎನ್ನುತ್ತಿಲ್ಲ. ಕಣ್ಣು ಕತ್ತಲೆ ಬರಲಿಲ್ಲ, ಬೆಳಕು ಮೂಡಲಿಲ್ಲ. ಒಲೆಯ ಮೇಲೆ ಹಾಲಿಟ್ಟು ಬಂದದ್ದು ನೆನಪಾಗುತ್ತದಲ್ಲ, ಅಷ್ಟು ಸಾಧಾರಣವಾಗಿ ನೆನಪಾಯಿತು. ನಾನು ಒಂದು ಬಾವಿಗೆ ಇಳಿಯುತ್ತಿದ್ದೆ. ಕಲ್ಲಿನ ಮೆಟ್ಟಿಲಿನ ಬಾವಿ, ಸುತ್ತ ಹೊಂಗೆಮರ, ನೀರಿನ ಮೇಲೆಲ್ಲ ಹೊಂಗೆ ಹೂ. ಒಂದು ಮೆಟ್ಟಿಲು ನಡುವೆ ಸೀಳಿತ್ತು, ಆ ಸೀಳಿನಲ್ಲಿ ಒಂದು ಅರಳಿಯ ಸಸಿ. ನನ್ನ ಹಣೆಗೆ ರುಮಾಲು ಬಿಗಿದಿತ್ತು, ಅದರ ಅಡಿಯಲ್ಲಿ ಬೆವರು. ಹುಟ್ಟಿದಾರಭ್ಯ ರುಮಾಲು ಸುತ್ತಿಕೊಂಡವಳಲ್ಲ ನಾನು. ಮೆಟ್ಟಿಲ ಮೇಲೆ ಇಟ್ಟ ಪಾದ ದೊಡ್ಡದು, ಕಿರುಬೆರಳು ಪಕ್ಕದ ಬೆರಳಿನ ಮೇಲೆ ಹತ್ತಿತ್ತು. ಆ ಪಾದವನ್ನು ನಾನು ದಿನವೂ ತೊಳೆದಿದ್ದೇನೆ. ನೀರು ಮೊಣಕಾಲಿಗೆ ಬಂತು, ಪಂಚೆ ತೊಡೆಗೆ ಅಂಟಿತು. ದುಃಖವಾಗಲಿ ಭಯವಾಗಲಿ ಇರಲಿಲ್ಲ. ದೂರದಿಂದ ಹೊತ್ತು ತಂದ ಹೊರೆಯನ್ನು ಇನ್ನೇನು ಇಳಿಸುತ್ತೇನೆ ಎಂಬ ಸುಸ್ತು, ಇನ್ನು ಮೇಲೆ ಮನೆಯವರಿಗೆ ನನ್ನ ಕಾಟ ತಪ್ಪುತ್ತದೆ ಎಂಬ ಒಂದೇ ಯೋಚನೆ. ಇನ್ನೊಂದು ಮೆಟ್ಟಿಲಿಗೆ ಕಾಲು ಚಾಚಿದೆ.

ಅಷ್ಟೆ. ಮುಂದಕ್ಕೆ ಏನೂ ಇರಲಿಲ್ಲ, ದಾರ ಹರಿದ ಹಾಗೆ.

"ಯಾಕಮ್ಮ, ಇಂಗೆ ಬೆವೆತೀಯ?" ಎಂದು ಅತ್ತೆ ಕೇಳಿದರು. ಏನಿಲ್ಲ ಎಂದೆ. ಇನ್ನೊಂದು ಕೈಯನ್ನೂ ಲಿಂಗದ ಅಡಿಗೆ ಕೊಟ್ಟುಕೊಂಡೆ. ಒಳಗಿನಿಂದ ದೊಡ್ಡದಾಗಿ ಗೊರಕೆಯಂಥ ಉಸಿರು ಕೇಳಿಸತೊಡಗಿತ್ತು. ಆಯಿತು, ಬನ್ನಿ ಎಂದು ಡಾಕ್ಟರು ಬಾಗಿಲು ತೆರೆದರು. ಹೋಗಿ ಲಿಂಗವನ್ನು ಕರಡಿಗೆಗೆ ಸೇರಿಸಿ ಅವರ ಕೊರಳಿಗೆ ಕಟ್ಟಿದೆ.

ಒಂದೇ ಸಲಕ್ಕೆ ಮುಗಿಯುವ ಚಿಕಿತ್ಸೆಯಲ್ಲ ಅದು. ನಡುವೆ ಒಂದೆರಡು ದಿನ ಬಿಟ್ಟು ಮತ್ತೆ ಮತ್ತೆ ಕೊಟ್ಟರು. ಪ್ರತಿ ಸಲವೂ ಲಿಂಗ ನನ್ನ ಅಂಗೈಯಲ್ಲಿತ್ತು. ಪ್ರತಿ ಸಲವೂ ಹೆದರಿಕೊಂಡೇ ಕೂತಿದ್ದೆ. ಏನೂ ಬರಲಿಲ್ಲ. ಒಂದು ಬೆಳಿಗ್ಗೆ ನಮ್ಮವರು ಎದ್ದು ಕೂತು, ನನ್ನನ್ನು ನೋಡಿ, "ಹಸಿವಾಯ್ತದೆ ಕಣೆ" ಎಂದರು. ನಾನು ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟೆ. ಆ ಎರಡು ಮಾತಿಗಾಗಿ ನಾನು ಎಷ್ಟು ತಿಂಗಳು ಕಾದಿದ್ದೆ! ನಮ್ಮತ್ತೆಯಂತೂ ಆ ಪೆಟ್ಟಿಗೆಯ ಕೋಣೆಯ ಬಾಗಿಲಿಗೆ ಕೈಮುಗಿದು, "ಸಿಡ್ಲಪ್ಪ ಒಳ್ಳೇವ್ನೇ ಕಣಮ್ಮ" ಎಂದರು.

ಊರಿಗೆ ಬಂದ ಮೇಲೆ ನೋಡಿದರೆ ಡಾಕ್ಟರು ಹೇಳಿದ್ದೇ ಆಗಿತ್ತು. ಅವರಿಗೆ ಸಂಕ್ರಾಂತಿ ನೆನಪಿತ್ತು, ಅಲ್ಲಿಂದೀಚೆಗೆ ಇಲ್ಲ. "ಈ ಸಲ ಯುಗಾದಿ ಮಾಡ್ಲೇ ಇಲ್ವಾ ನಾವು?" ಎಂದು ಕೇಳಿದರು. ಮಾಡಿದೆವು, ನೀವೂ ಬೇವುಬೆಲ್ಲ ತಿಂದಿರಿ ಎಂದೆ. ತಲೆ ಕೆರೆದುಕೊಂಡು ನಕ್ಕರು. ಮಿಕ್ಕ ಎಲ್ಲದರಲ್ಲೂ ಅವರು ಅವರೇ, ನಾನು ಮದುವೆಯಾದ ಮೆತ್ತನೆಯ ಮಾತಿನವರು.

ಮಳೆ ಹಿಡಿಯುವ ಮೊದಲೇ ಅವರು ಹುಲಿಕುಂಟೆಗೆ ಹೊರಟಾಗ, ನನಗೂ ಉಣ್ಣೆ ನೋಡಬೇಕು ಎಂದು ನೆಪ ಹೇಳಿ ಗಾಡಿ ಹತ್ತಿದೆ. ಮಲಗುವ ಮೊದಲು ಅವರು ಹೋಗಿಬರುತ್ತಿದ್ದದ್ದು ಅಲ್ಲಿಗೇ, ನಾನು ಮಾತ್ರ ಆ ಊರಿಗೆ ಅದುವರೆಗೆ ಕಾಲಿಟ್ಟವಳಲ್ಲ. ಅವರು ಒಂದು ಮನೆಯಲ್ಲಿ ಕಂಬಳಿ ಬಿಚ್ಚಿಸಿ ನೋಡುತ್ತಿದ್ದಾಗ, ಆ ಮನೆಯ ಹೆಂಗಸು ಕರಿಯಮ್ಮನ ಜೊತೆ ನಾನು ನೀರಿಗೆ ಹೋದೆ. ದೂರದಿಂದಲೇ ಹೊಂಗೆಮರ ಕಂಡವು. ಅದೇ ಬಾವಿ. ನೀರು ಇನ್ನಷ್ಟು ತಗ್ಗಿತ್ತು, ಹೂ ಇರಲಿಲ್ಲ. ಸೀಳಿದ ಮೆಟ್ಟಿಲು ಇತ್ತು. ಅದರಲ್ಲಿ ಅರಳಿಯ ಸಸಿ ಇತ್ತು.

"ಯುಗಾದಿ ಸುಮಾರಿಗೆ ನಮ್ಮನೆಯವ್ರು ಇಲ್ಲಿಗೆ ಬಂದಿದ್ರಾ?" ಎಂದು ಕೇಳಿದೆ.

"ಬಂದಿದ್ರು ಕಣ್ರಮ್ಮ. ಬಾವಿ ತಾವ ಬೋ ಹೊತ್ತು ಒಬ್ರೇ ನಿಂತಿದ್ರು. ನಾನು ಕೊಡ ತಕಂಡು ಬರಾ ಹೊತ್ಗೆ ಮ್ಯಾಕೆ ಹತ್ತಿ ಬತ್ತಾವ್ರೆ, ಪಂಚೆಯೆಲ್ಲ ನೀರು. ಯಾಕೆ ಸ್ವಾಮಿ ಅಂದ್ರೆ ಕಾಲು ಜಾರ್ತು ಕಣವ್ವ ಅಂದ್ರು." ಅವಳು ನನ್ನ ಮುಖ ನೋಡಿ ಮಾತು ನಿಲ್ಲಿಸಿದಳು. "ಯಾಕ್ರಮ್ಮ?"

ಸುಮ್ಮನೆ ಕೇಳಿದೆ ಎಂದು ಹೇಳಿ ಕೊಡಕ್ಕೆ ಕೈ ಕೊಟ್ಟೆ.

ನಾನು ಮೇಷ್ಟರ ಮಗಳು, ಇದಕ್ಕೊಂದು ಕಾರಣ ಹುಡುಕದೆ ಬಿಡುವವಳಲ್ಲ. ಹುಡುಕಿದ್ದೇನೆ. ಆ ದಿನಗಳಲ್ಲಿ ಅವರ ಒಂದು ಪಂಚೆಯನ್ನು ನಾನು ಒಗೆದದ್ದು ನಿಜ. ಅದಕ್ಕೆ ಕೆಸರು ಹತ್ತಿತ್ತು, ಮಡಿಕೆಯಲ್ಲಿ ಬಾಡಿದ ಹೊಂಗೆ ಹೂ ಇತ್ತು. ಮನಸ್ಸು ಒಳಗೊಳಗೇ ಇದನ್ನೆಲ್ಲ ಹೊಸೆದು ಬಾವಿ ಮಾಡಿರಬಹುದು. ಅವರು ನಿದ್ದೆಯಲ್ಲಿ ಏನೋ ಕನವರಿಸಿರಬಹುದು, ನಾನು ಅರೆನಿದ್ದೆಯಲ್ಲಿ ಕೇಳಿಸಿಕೊಂಡಿರಬಹುದು. ಬೆಂಗಳೂರಿನ ಡಾಕ್ಟರಿಗೆ ಮುಂದೊಮ್ಮೆ ಹೇಳಿದಾಗ ಅವರೂ ಹೀಗೇ ಅಂದರು. ಆದರೆ ಸೀಳಿದ ಮೆಟ್ಟಿಲನ್ನು ಪಂಚೆ ಹೇಗೆ ಹೇಳೀತು? ರುಮಾಲಿನ ಬಿಗಿತವನ್ನು ಯಾರು ಕನವರಿಸುತ್ತಾರೆ? ಅಲ್ಲಿಗೆ ಬಂದರೆ ನನ್ನ ಲೆಕ್ಕಾಚಾರವೆಲ್ಲ ನಿಂತುಹೋಗುತ್ತದೆ.

ನಿಜ ಹೇಳಬೇಕೆಂದರೆ ಆ ನೆನಪು ನನಗೆ ಹೇಗೆ ಬಂತೆಂಬುದು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ಕಾಡಿದ್ದು ಬೇರೆ. ಈ ಕಾಯಿಲೆ ಮತ್ತೆ ಬಂದೀತು ಎಂದು ಹೇಳಿಯೇ ಡಾಕ್ಟರು ನಮ್ಮನ್ನು ಕಳಿಸಿದ್ದರು. ಮುಂದಿನ ಸಲ ಬಾವಿ ಎಲ್ಲಿರುತ್ತದೋ, ನಾನೆಲ್ಲಿರುತ್ತೇನೋ. ಆ ಮೆಟ್ಟಿಲಿನಿಂದ ಅವರನ್ನು ಹಿಂದಕ್ಕೆ ಕರೆದದ್ದು ಏನು ಎಂದು ನನಗೆ ತಿಳಿಯಬೇಕಿತ್ತು. ತಾಯಿಯ ಮುಖವೋ, ನಾನೋ, ಬರೀ ನೀರಿನ ಚಳಿಯೋ? ತಿಳಿದಿದ್ದರೆ ಅದನ್ನೇ ದಿನವೂ ಅವರ ಕಣ್ಣೆದುರು ಇಡುತ್ತಿದ್ದೆ. ನನಗೆ ಬಂದ ನೆನಪಿನಲ್ಲಿ ಆ ತುದಿ ಇಲ್ಲ. ಅವರಲ್ಲಿ ನೆನಪೇ ಇಲ್ಲ. ನೇರವಾಗಿ ಕೇಳೋಣವೆಂದರೆ, ಮರೆತದ್ದನ್ನು ಎಬ್ಬಿಸಿ ಮತ್ತೆ ಅದೇ ಬಾವಿಗೆ ಕೈಹಿಡಿದು ಇಳಿಸಿದ ಹಾಗಾಗುತ್ತದೆ ಎಂಬ ಭಯ.

ಕಡೆಗೂ ತಡೆಯಲಾಗಲಿಲ್ಲ. ಒಂದು ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಯಾರೂ ಇರಲಿಲ್ಲ. ನಾವಿಬ್ಬರೂ ಕಂಬಳಿ ಮಡಿಸುತ್ತಿದ್ದೆವು. ಯಾರದೋ ಸುದ್ದಿ ಎಂಬಂತೆ ಶುರು ಮಾಡಿದೆ. ಹೀಗೊಬ್ಬ ಇದ್ದನಂತೆ, ಜೀವ ಬೇಸರವಾಗಿ ಬಾವಿಗೆ ಇಳಿದನಂತೆ, ಮೊಣಕಾಲಿನವರೆಗೆ ನೀರು ಬಂತಂತೆ. ಅವರು ಮಡಿಸುವುದನ್ನು ನಿಲ್ಲಿಸಿ ಕೇಳಿದರು.

"ಅಯ್ಯೋ ಪಾಪ. ಸತ್ನಾ?"

"ಇಲ್ಲ. ಮ್ಯಾಲಕ್ಕೆ ಬಂದ."

"ಯಾಕಂತೆ?"

"ಅವನಿಗೇ ನೆನಪಿಲ್ವಂತೆ. ಬಾವಿಗೆ ಇಳಿದಿದ್ದೂ ನೆನಪಿಲ್ಲ."

ಅವರ ಮುಖದಲ್ಲಿ ನಾನು ಏನನ್ನು ಹುಡುಕುತ್ತಿದ್ದೆನೋ ಅದು ಕಾಣಲಿಲ್ಲ. ಪರರ ಕಷ್ಟ ಕೇಳಿದಾಗ ಅವರ ಮುಖ ಹೇಗಾಗುತ್ತಿತ್ತೋ ಹಾಗೇ ಇತ್ತು.

"ಅವನ ಹೆಂಡ್ತಿಗೆ ಗೊತ್ತಾ?" ಎಂದು ಕೇಳಿದರು.

"ಗೊತ್ತು" ಎಂದೆ.

"ಅಂಗಾರೆ ಆಯ್ತು ಬುಡು. ಒಬ್ರಿಗಾದ್ರೂ ಗೊತ್ತಿರ್ಬೇಕು" ಎಂದು ಹೇಳಿ, ಕಂಬಳಿಯ ಅಂಚನ್ನು ನನ್ನ ಕೈಗೆ ಕೊಟ್ಟರು.

ಕಾಯಿಲೆ ಆಮೇಲೂ ಬಂತು, ಹೋಯಿತು. ಆದರೆ ಅವರು ಮುದುಕರಾಗಿ, ಮನೆಯಲ್ಲಿ, ನಮ್ಮೆಲ್ಲರ ನಡುವೆ ತೀರಿಕೊಂಡರು. ಅಂಗಡಿಯಲ್ಲಿ ಆ ಮಧ್ಯಾಹ್ನದ ಮಾತನ್ನು ಅವರು ಏನು ತಿಳಿದು ಆಡಿದರೋ ನಾನು ಮತ್ತೆ ಕೇಳಲಿಲ್ಲ. ಆ ಬಾವಿ, ಆ ಹೂ, ಆ ನೀರಿನ ತಂಪು ಇವತ್ತಿಗೂ ನನ್ನದೇ ಎಂಬಷ್ಟು ನಿಚ್ಚಳವಾಗಿ ನನ್ನಲ್ಲಿವೆ. ಅದು ನನ್ನದಲ್ಲವೆಂದು ಬಲ್ಲೆ. ಹೇಗೆ ಬಂತೆಂದು ಮಾತ್ರ ಅರಿಯೆ.